ಒಂದು ಊರಿನ ನೀರಿನ ಪಾಠ ಇನ್ನೊಂದು ಊರಿಗೆ ಹತ್ತುತ್ತದಾ?

ಕಡತದ ಹುಡುಗಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ನಾನು ಒಂದು ನಗರಾಡಳಿತದ ಯೋಜನಾ ವಿಭಾಗದಲ್ಲಿದ್ದೇನೆ. ಯಾವ ಊರು ಅಂತ ಕೇಳಬೇಡಿ. ಹೊರದೇಶದ ಒಂದು ನಗರದ ಜೊತೆ ನೀರು ಮತ್ತು ನದಿದಂಡೆ ಅಭಿವೃದ್ಧಿಗೆ ಒಪ್ಪಂದ ಮಾಡಿಕೊಳ್ಳುವ ಮಾತು ನಡೆದಿದೆ. ಅದರ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮೇಲಿನವರು 64 ಸ್ಲೈಡ್ ಇರುವ ಒಂದು ಫೈಲ್ ಕೊಟ್ಟು "ಇದನ್ನ ನೋಡ್ಕೊಂಡು ಬರಿ" ಅಂದರು. ನೋಡಿದೆ. ಒಂಬತ್ತು ನಗರಗಳಿವೆ, ಒಂಬತ್ತಕ್ಕೂ ಹೆಚ್ಚುಕಮ್ಮಿ ಒಂದೇ ಚಿತ್ರ. ಮರದ ಹಲಗೆ ಹಾಸಿದ ಕಾಲುದಾರಿ, ಬೆಂಚು, ಸೈಕಲ್ ಮೇಲೆ ಒಬ್ಬಳು, ಬಲೂನ್ ಹಿಡಿದ ಒಂದು ಮಗು. ಎರಡು ಊರಿನ ಚಿತ್ರದಲ್ಲಿ ಮಗುವೂ ಅದೇ. ಕತ್ತರಿಸಿ ಅಂಟಿಸಿದ್ದಾರೆ.

ಊರಿನ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಒಂದು ಸ್ಲೈಡಿನಲ್ಲೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ನಗರ ನಗರಗಳ ಸಹಕಾರದಿಂದ ನಿಜವಾಗಿ ನಲ್ಲಿಯಲ್ಲಿ ನೀರು ಬಂದದ್ದು, ಹೊಳೆ ಚೊಕ್ಕಟವಾದದ್ದು ಎಲ್ಲಾದರೂ ಇದೆಯಾ? ಇಲ್ಲ ಇದೆಲ್ಲ ಕೈಕುಲುಕಿ ಫೋಟೋ ತೆಗೆಸಿಕೊಳ್ಳುವ ಬಾಬತ್ತಾ?

ಕಟ್ಟೆಪುರಾಣ
ಬಲೂನ್ ಮಗುವಿಗೆ ವೀಸಾ ಬೇಡ ಅಂತ ಕಾಣುತ್ತೆ.

ಗೆರೆಗಾರ
ಆರ್ಕಿಟೆಕ್ಟ್ ಆಗಿ ಹೇಳುತ್ತೇನೆ, ಆ ಮಗುವನ್ನು ನಾನೂ ಬಳಸಿದ್ದೇನೆ. ಕ್ಷಮೆ ಇರಲಿ.

ಆದರೆ ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕಬೇಡಿ. ಸಿಂಗಪುರದ ಬಿಶಾನ್ ಪಾರ್ಕ್ ನೋಡಿ. ಕಲ್ಲಂಗ್ ನದಿ ಅಲ್ಲಿ 2.7 ಕಿ.ಮೀ. ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆಯಾಗಿತ್ತು. ಜರ್ಮನಿಯ ಡ್ರೈಸೈಟ್ಲ್ ಅನ್ನುವ ವಿನ್ಯಾಸಕಾರರ ತಂಡದ ಜೊತೆ ಸೇರಿ ಕಾಂಕ್ರೀಟ್ ಒಡೆದು, 3.2 ಕಿ.ಮೀ. ಬಳುಕುವ ಹೊಳೆ ಮಾಡಿದರು. 2012ರಲ್ಲಿ ತೆರೆಯಿತು. ನನಗೆ ಇಷ್ಟವಾದದ್ದು ಆ ಹೊಳೆಗಿಂತ ಅದಕ್ಕೆ ಮುಂಚಿನ ಕೆಲಸ. ಯುರೋಪಿನಲ್ಲಿ ದಂಡೆ ಹಿಡಿದಿಡಲು ಕೊಂಬೆಕಟ್ಟು, ಬೇರು, ನಾರಿನ ಚಾಪೆ ಎಲ್ಲ ಬಳಸುತ್ತಾರಲ್ಲ, ಅದು ಉಷ್ಣವಲಯದ ಮಳೆಗೆ ತಡೆಯುತ್ತದಾ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಪಾರ್ಕಿನ ಒಂದು ಚರಂಡಿಯ ಪಕ್ಕ 60 ಮೀಟರ್ ಉದ್ದಕ್ಕೆ ಬೇರೆ ಬೇರೆ ವಿಧಾನ ಹಾಕಿ, ಮಳೆಗೆ ಬಿಟ್ಟು ನೋಡಿದರು. ತಡೆದದ್ದನ್ನು ಮಾತ್ರ ಹೊಳೆಗೆ ತಂದರು. ಕಲಿಯುವುದು ಅಂದರೆ ಇದು ಅಲ್ವಾ?

ತೂಬು
ಸಿಂಗಪುರದ ಉದಾಹರಣೆ ಕೊಡುವವರು 2012ರಿಂದ ಶುರು ಮಾಡುತ್ತಾರೆ. 1977ರಿಂದ 1987ರವರೆಗೆ ಹತ್ತು ವರ್ಷ ಸಿಂಗಪುರ ನದಿ, ಕಲ್ಲಂಗ್ ಕೊಳ್ಳ ತೊಳೆದದ್ದನ್ನು ಯಾರೂ ಹೇಳುವುದಿಲ್ಲ. ಹಂದಿ ಸಾಕಣೆ ಎತ್ತಿಸಿದರು, ಬೀದಿ ವ್ಯಾಪಾರಿಗಳನ್ನು ಸಾಗಿಸಿದರು, ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು, ಚರಂಡಿ ಜೋಡಿಸಿದರು. ಅದು ಆದಮೇಲೆ ಹೂ ಗಿಡ ನೆಟ್ಟರೆ ಚೆನ್ನಾಗಿಯೇ ಕಾಣುತ್ತದೆ.

ನೀರುಗಂಟಿ
ಕಡತದ ಹುಡುಗಿ, ನೀವು ಕೇಳಿದಂಥದ್ದು ಇದೆ ತಂಗಿ. ಫೋಟೋ ಚೆನ್ನಾಗಿ ಬರುವುದಿಲ್ಲ, ಅದಕ್ಕೇ ಸ್ಲೈಡಿಗೆ ಬಂದಿಲ್ಲ.

ಕಾಂಬೋಡಿಯಾದ ನಾಮ್ ಪೆನ್. 1993ರಲ್ಲಿ ಆ ಊರಿನ ಜಲಮಂಡಳಿ ಹೇಗಿತ್ತು ಅಂದರೆ, ಬಿಟ್ಟ ನೀರಿನಲ್ಲಿ ನೂರಕ್ಕೆ 72 ಪಾಲು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಸೋರಿಕೆ, ಕಳ್ಳ ಸಂಪರ್ಕ, ಬಿಲ್ಲೇ ಕಾಣದ ಮನೆಗಳು. ನೀರು ಬರುತ್ತಿದ್ದದ್ದು ದಿನಕ್ಕೆ ಹತ್ತು ಗಂಟೆ, ಅದೂ ಊರಿನ ಐದನೇ ಒಂದು ಪಾಲು ಜನಕ್ಕೆ. 1999ರಿಂದ ಜಪಾನಿನ ಕಿಟಾಕ್ಯುಶು ನಗರದ ಜಲ ಇಲಾಖೆ ಅಲ್ಲಿಗೆ ತನ್ನ ನೌಕರರನ್ನು ಕಳಿಸತೊಡಗಿತು. ಕೋಟು ಹಾಕಿದ ಸಲಹೆಗಾರರನ್ನಲ್ಲ ಮತ್ತೆ, ತಮ್ಮ ಊರಿನಲ್ಲಿ ದಿನಾ ವಾಲ್ವ್ ತಿರುಗಿಸುವ ಜನರನ್ನು. ಪೈಪ್ ಜಾಲವನ್ನು ಬ್ಲಾಕ್ ಬ್ಲಾಕ್ ಆಗಿ ಬೇರ್ಪಡಿಸಿ, ಪ್ರತಿ ಬ್ಲಾಕಿನ ಬಾಯಲ್ಲಿ ಹರಿವು, ಒತ್ತಡ ಅಳೆಯುವ ಉಪಕರಣ ಕೂರಿಸಿದರು. ರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿದ ಮೇಲೂ ಯಾವ ಬ್ಲಾಕಿನ ಮೀಟರ್ ಓಡುತ್ತಿದೆಯೋ ಅಲ್ಲಿ ಸೋರಿಕೆ ಇದೆ ಅಂತ ಅರ್ಥ. ಬೆಳಿಗ್ಗೆ ಅಲ್ಲಿಗೆ ಹೋಗಿ ಅಗೆಯುವುದು. ಇಷ್ಟೇ ವಿದ್ಯೆ. ಆದರೆ ವರ್ಷಗಟ್ಟಲೆ ಜೊತೆಯಲ್ಲಿ ನಿಂತು ಕಲಿಸಿದರು. 72 ಇದ್ದದ್ದು 6ರ ಆಸುಪಾಸಿಗೆ ಇಳಿಯಿತು. 24 ಗಂಟೆ ನೀರು, ನಲ್ಲಿಯಿಂದಲೇ ಕುಡಿಯಬಹುದು.

ನಾನು ಮೂವತ್ತು ವರ್ಷ ಪೈಪ್ ಕೆಲಸ ಮಾಡಿದವನು. 72ರಿಂದ 6 ಅನ್ನುವುದನ್ನು ಮೊದಲು ಓದಿದಾಗ ಮುದ್ರಣದೋಷ ಅಂದುಕೊಂಡಿದ್ದೆ.

ತೂಬು
ನೀರುಗಂಟಿ ಸರ್, ಅರ್ಧ ಒಪ್ಪುತ್ತೇನೆ. ಜಪಾನಿನವರು ಬಂದದ್ದು 99ರಲ್ಲಿ. 93ರಿಂದಲೇ ಎಕ್ ಸೊನ್ ಚಾನ್ ಅಲ್ಲಿಯ ಮುಖ್ಯಸ್ಥರು. ಕಳ್ಳತನದಲ್ಲಿ ಪಾಲಿದ್ದ ನೌಕರರ ಮೇಲೆ ಕ್ರಮ, ಎಲ್ಲರಿಗೂ ಮೀಟರ್, ಎಲ್ಲರಿಗೂ ಬಿಲ್ಲು. ಒಬ್ಬ ಸೇನಾಧಿಕಾರಿಯ ಮನೆಗೆ ಮೀಟರ್ ಹಾಕಿಸಲು ಹೋದಾಗ ತಲೆಗೆ ಪಿಸ್ತೂಲು ಹಿಡಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮತ್ತೆ ಪೊಲೀಸರನ್ನು ಕರೆದುಕೊಂಡು ಹೋಗಿ ಸಂಪರ್ಕ ಕತ್ತರಿಸಿದರಂತೆ. ಆ ಗಟ್ಟಿತನ ಯಾವ ಒಪ್ಪಂದದಲ್ಲೂ ಹೊರದೇಶದಿಂದ ಬರುವುದಿಲ್ಲ. ಮನೆಯಲ್ಲಿ ಒಲೆ ಹಚ್ಚಿದ್ದರೆ ತಾನೇ ಪಕ್ಕದ ಮನೆಯವರು ಬಂದು ಊದುವುದು?

ನೀರುಗಂಟಿ
ಸರಿಯಾದ ಮಾತು. 2006ರ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂದದ್ದೂ ಅದಕ್ಕೇ. ಆದರೆ ಪಿಸ್ತೂಲಿಗೆ ಹೆದರದವನಿಗೂ ಸೋರುವ ಪೈಪ್ ಎಲ್ಲಿದೆ ಅಂತ ತಾನಾಗಿ ಗೊತ್ತಾಗುವುದಿಲ್ಲ ಸ್ವಾಮಿ. ಎರಡೂ ಬೇಕಾಯಿತು.

ಮಳೆಬಿಲ್ಲು
ಕಿಟಾಕ್ಯುಶುವಿನವರು ಯಾಕೆ ಇದನ್ನೆಲ್ಲ ಮಾಡುತ್ತಾರೆ? ಅವರಿಗೇನು ಲಾಭ?

ನೀರುಗಂಟಿ
ಅದು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿಯ ದೋಕಾಯ್ ಕೊಲ್ಲಿಗೆ 1960ರ ದಶಕದಲ್ಲಿ 'ಸತ್ತ ಸಮುದ್ರ' ಅಂತಲೇ ಹೆಸರು. ಹೊಗೆಯ ವಿರುದ್ಧ ಮೊದಲು ಎದ್ದು ನಿಂತವರು ಅಲ್ಲಿಯ ಮಹಿಳಾ ಸಂಘಗಳು. ಒಗೆದು ಹರವಿದ ಬಟ್ಟೆ ಕಪ್ಪಾಗುತ್ತಿತ್ತು, ಅದನ್ನೇ ಸಾಕ್ಷಿ ಮಾಡಿಕೊಂಡರು. ಆಮೇಲೆ ಕೊಲ್ಲಿಯ ಹೂಳೆತ್ತಿದರು, ಮೀನು ವಾಪಸ್ ಬಂತು. ತಾವು ಹಾಳುಮಾಡಿ ತಾವೇ ಸರಿಮಾಡಿದವರಿಗೆ ಹೇಳಿಕೊಡುವ ಹಕ್ಕು ಜಾಸ್ತಿ ಇರುತ್ತದೆ ಅಂತ ನನ್ನ ಲೆಕ್ಕ. ಲಾಭವೂ ಇದೆ, ಸುಳ್ಳೇಕೆ. ಅಲ್ಲಿಯ ಕಂಪನಿಗಳಿಗೆ ಹೊರಗೆ ಕೆಲಸ ಸಿಗುತ್ತದೆ.

ಲೆಕ್ಕದ ಪುಸ್ತಕ
ದುಡ್ಡಿನ ಮಾತು ಯಾರೂ ಎತ್ತುತ್ತಿಲ್ಲ, ನಾನೇ ಎತ್ತುತ್ತೇನೆ. ಒಪ್ಪಂದ ಯಾರ ದುಡ್ಡಿನಲ್ಲಿ ನಡೆಯುತ್ತದೆ, ಎಷ್ಟು ವರ್ಷ ನಡೆಯುತ್ತದೆ ಅನ್ನುವುದನ್ನು ಮೊದಲ ಪುಟದಲ್ಲೇ ಬರೆಯಿರಿ ಮೇಡಂ. 2013ರಲ್ಲಿ ರಾಕ್‌ಫೆಲರ್ ಫೌಂಡೇಶನ್ 'ನೂರು ತಾಳಿಕೆಯ ನಗರಗಳು' (ಆಪತ್ತು ತಡೆದುಕೊಳ್ಳುವ ನಗರಗಳು ಅಂತ ಅರ್ಥ) ಅಂತ ದೊಡ್ಡ ಜಾಲ ಶುರು ಮಾಡಿತು. ನಗರಕ್ಕೊಬ್ಬ ಅಧಿಕಾರಿ, ನಗರಕ್ಕೊಂದು ವರದಿ. ಪ್ರವಾಹ, ನೀರಿನ ಕೊರತೆ ಎಲ್ಲ ಅದರಲ್ಲಿ ಬರುತ್ತಿತ್ತು. 2019ರಲ್ಲಿ ಅವರೇ ಮುಚ್ಚಿದರು. ಸದಸ್ಯ ನಗರಗಳು ಬೇರೆ ಹೆಸರಿನಲ್ಲಿ ಜಾಲ ಉಳಿಸಿಕೊಂಡವು, ಅದು ಬೇರೆ ಮಾತು. ಕೊಡುವವನ ಮನಸ್ಸು ಬದಲಾದರೆ ಎಷ್ಟೋ ಊರುಗಳ ಕೆಲಸ ಒಂದೇ ಸಲ ಹಳ್ಳ ಹಿಡಿಯಬಹುದು.

ಇದಕ್ಕೆ ಎದುರಾಗಿ ಫ್ರಾನ್ಸಿನಲ್ಲಿ 2005ರ ಒಂದು ಕಾನೂನು ಇದೆ, ಊದಾಂ-ಸಾಂತಿನಿ ಕಾನೂನು ಅಂತ. ಊರಿನ ನೀರು, ಒಳಚರಂಡಿ ಬಜೆಟ್‌ನ ನೂರಕ್ಕೆ 1 ಪಾಲಿನವರೆಗೆ ಹೊರದೇಶದ ನೀರಿನ ಕೆಲಸಕ್ಕೆ ಖರ್ಚು ಮಾಡಬಹುದು. ಬಳಕೆದಾರ ಕಟ್ಟುವ ಬಿಲ್ಲಿನಿಂದಲೇ ಬರುವ ಹಣ. ಚಿಕ್ಕದು, ಆದರೆ ವರ್ಷಾ ವರ್ಷ ಬರುತ್ತದೆ. ನನಗೆ ಇಂಥದ್ದರ ಮೇಲೆ ನಂಬಿಕೆ ಜಾಸ್ತಿ.

ಸುಮ್ನೆ ಓದುವವ
ದಕ್ಷಿಣ ಕೊರಿಯಾದ ಸೋಲ್ ನಗರದ ಚಂಗ್ಯೆಚಾನ್ ಹೊಳೆ ಯಾರೂ ಹೇಳಲಿಲ್ಲವಲ್ಲ! ಮೇಲ್ಸೇತುವೆ ಕೆಡವಿ ಅಡಿಯಲ್ಲಿದ್ದ ಹೊಳೆಯನ್ನು ಬದುಕಿಸಿದರು. ಇದಕ್ಕಿಂತ ಉದಾಹರಣೆ ಬೇಕಾ?

ತೂಬು
ಬದುಕಿಸಿದ್ದಲ್ಲ ಗುರು, ಗ್ಲೂಕೋಸ್ ಹಾಕಿದ್ದು. ಹೆಚ್ಚಾಗಿ ಹಾನ್ ನದಿಯಿಂದಲೇ ದಿನಕ್ಕೆ ಸುಮಾರು 1,20,000 ಟನ್ ನೀರನ್ನು ಪಂಪ್ ಮಾಡಿ ತಂದು ಮೇಲಿನ ತುದಿಯಲ್ಲಿ ಬಿಡುತ್ತಾರೆ. ಪಂಪ್ ನಿಂತರೆ ಮಳೆಯಿಲ್ಲದ ಕಾಲದಲ್ಲಿ ಹೊಳೆಯೂ ನಿಂತಂತೆ.

ಗೆರೆಗಾರ
ತೂಬು ಸರ್‌ಗೆ ಎಲ್ಲದರಲ್ಲೂ ಹುಳುಕು ಕಾಣುತ್ತದೆ. 5.8 ಕಿ.ಮೀ. ಉದ್ದಕ್ಕೆ ಎಕ್ಸ್‌ಪ್ರೆಸ್ ರಸ್ತೆ ಕಿತ್ತು ಜನರಿಗೆ ನಡೆಯಲು ಕೊಟ್ಟದ್ದು ಸಣ್ಣ ಕೆಲಸವಾ? ಎರಡೇ ಚಿಲ್ಲರೆ ವರ್ಷದಲ್ಲಿ, 2003ರಿಂದ 2005ರೊಳಗೆ. ಅಲ್ಲಿ ಬಿಸಿಲ ತಾಪವೂ ಇಳಿಯಿತು.

ತೂಬು
ಸಣ್ಣ ಕೆಲಸ ಅಂತ ನಾನೆಲ್ಲಿ ಹೇಳಿದೆ? ನೋಡಲು ಬಂದ ನಿಯೋಗದವರಿಗೆ ಪಂಪಿನ ಕರೆಂಟ್ ಬಿಲ್ ತೋರಿಸುವುದಿಲ್ಲ ಅಂದೆ. ವಾಪಸ್ ಹೋಗಿ ತಮ್ಮೂರಿನ ಒಣ ಕಾಲುವೆಗೆ ಟೈಲ್ಸ್ ಹಾಕುತ್ತಾರೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ.

ಮಳೆಬಿಲ್ಲು
ತೂಬು ಸರ್ ಹೇಳುವುದಕ್ಕೆ ಇನ್ನೊಂದು ಸಾಕ್ಷಿ ಸ್ಪೇನಿನ ಬಿಲ್ಬಾವೊ. ಎಲ್ಲರೂ ಹೋಗಿ 1997ರ ಗುಗೆನ್‌ಹೈಮ್ ಮ್ಯೂಸಿಯಂ ನೋಡಿ ಬರುತ್ತಾರೆ. ಒಂದು ಹೊಳೆಯುವ ಕಟ್ಟಡ ಕಟ್ಟಿದರೆ ಊರು ಎದ್ದು ನಿಲ್ಲುತ್ತದೆ ಅಂತ ಎಷ್ಟು ಮೇಯರ್‌ಗಳು ನಂಬಿಬಿಟ್ಟರೋ ಏನೋ. ಅದರ ಪಕ್ಕದ ನದಿ ಅದಕ್ಕೆ ಮುಂಚೆ ಕಾರ್ಖಾನೆ ಕೊಳಚೆ, ಮನೆ ಕೊಳಚೆ ಎರಡೂ ಸೇರಿದ ಗಟಾರ. 1979ರಲ್ಲೇ ಇಡೀ ಪ್ರದೇಶಕ್ಕೆ ಒಳಚರಂಡಿ ಯೋಜನೆ ಮಾಡಿದರು, ಕೊಳವೆ ಹಾಕಿ ಶುದ್ಧೀಕರಣ ಘಟಕ ಕಟ್ಟಲು ದಶಕಗಳೇ ಹಿಡಿದವು. ಅದಕ್ಕಾದ ಖರ್ಚು ಮ್ಯೂಸಿಯಂ ಖರ್ಚಿನ ಎಷ್ಟೋ ಪಟ್ಟು. ನದಿ ನಾರುತ್ತಿದ್ದರೆ ಆ ಕಟ್ಟಡದ ಮುಂದೆ ಯಾರು ನಿಲ್ಲುತ್ತಿದ್ದರು?

ಗೆರೆಗಾರ
ಇದನ್ನು ಒಪ್ಪದೆ ವಿಧಿಯಿಲ್ಲ. ಕಾಲೇಜಿನಲ್ಲಿ ನಮಗೆ ಬಿಲ್ಬಾವೊ ಬಗ್ಗೆ ಒಂದು ಇಡೀ ತರಗತಿ ಇತ್ತು, ಕೊಳವೆಯ ಮಾತು ಒಂದು ಸಲವೂ ಬರಲಿಲ್ಲ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅಲ್ಲಿ ಉಲ್ಟಾ. ಒಳಗಿನದು ಗಟ್ಟಿಯಿದ್ದದ್ದಕ್ಕೆ ಮೇಲಿನ ಥಳಕು ನಿಂತಿತು.

ಕಟ್ಟೆಪುರಾಣ
ನನ್ನ ಪರೀಕ್ಷೆ ಸುಲಭ. ಮೇಯರ್ ಆ ನದಿಗೆ ಇಳಿದು ಈಜುತ್ತಾರಾ? ಇಳಿದರೆ ಒಪ್ಪಂದಕ್ಕೆ ಸಹಿ ಹಾಕಿ.

ಮಳೆಬಿಲ್ಲು
ನಗಬೇಡಿ, ಪ್ಯಾರಿಸ್ ಮೇಯರ್ 2024ರ ಒಲಿಂಪಿಕ್ಸ್‌ಗೆ ಮುಂಚೆ ಸೀನ್ ನದಿಗೆ ಇಳಿದೇ ಇಳಿದರು. 1923ರಿಂದ ಅಲ್ಲಿ ಈಜಿಗೆ ನಿಷೇಧ ಇತ್ತು. 2025ರ ಜುಲೈಯಲ್ಲಿ ಮೂರು ಕಡೆ ಸಾಮಾನ್ಯ ಜನರಿಗೂ ತೆರೆದರು.

ತೂಬು
ಅದೇ ಒಲಿಂಪಿಕ್ಸ್‌ನಲ್ಲಿ ಮಳೆ ಬಂದು ನೀರು ಕೆಟ್ಟು ಗಂಡಸರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋದದ್ದನ್ನೂ ಬರೆಯಿರಿ. ಸುಮಾರು 140 ಕೋಟಿ ಯೂರೊ ಸುರಿದ ಮೇಲೂ.

ನೀರುಗಂಟಿ
ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಹಳೇ ಊರುಗಳಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಕೊಳವೆ. ಜೋರು ಮಳೆಗೆ ಕೊಳವೆ ತುಂಬಿದರೆ ಎರಡೂ ಸೇರಿ ನದಿಗೆ ಉಕ್ಕುತ್ತವೆ, ಇಲ್ಲದಿದ್ದರೆ ಮನೆಗಳೊಳಗೆ ಉಕ್ಕಬೇಕು. ಪ್ಯಾರಿಸ್‌ನವರು ಆಸ್ಟರ್‌ಲಿಟ್ಜ್ ರೈಲು ನಿಲ್ದಾಣದ ಹತ್ತಿರ ನೆಲದಡಿ 50,000 ಘನ ಮೀಟರ್ ಹಿಡಿಸುವ ತೊಟ್ಟಿ ಕಟ್ಟಿದರು. ಮಳೆ ನಿಂತಮೇಲೆ ಅದನ್ನು ಮೆಲ್ಲಗೆ ಶುದ್ಧೀಕರಣಕ್ಕೆ ಬಿಡುವುದು. ಲಂಡನ್‌ನವರು ಥೇಮ್ಸ್ ಉದ್ದಕ್ಕೆ 25 ಕಿ.ಮೀ. ಸುರಂಗವನ್ನೇ ಕೊರೆದರು, ಅದರ ಜೋಡಣೆ ಮುಗಿದದ್ದು 2025ರಲ್ಲಿ. ತೊಟ್ಟಿಯ ಅಳತೆಗಿಂತ ದೊಡ್ಡ ಮಳೆ ಬಂದರೆ ಉಕ್ಕುತ್ತದೆ. ತೊಟ್ಟಿ ಅಂದರೆ ಅಷ್ಟೇ.

ಮಳೆಬಿಲ್ಲು
ಮಳೆ ಅಂದಿರಲ್ಲ, ನಾನು ಹೇಳಬೇಕೆಂದು ಬಂದದ್ದೇ ಅದು. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಮೂರು ಗಂಟೆಯೊಳಗೆ 150 ಮಿ.ಮೀ. ವರೆಗೆ ಮಳೆ ಸುರಿಯಿತು. ಊರೆಲ್ಲ ನೀರು. ಮರುವರ್ಷವೇ ಮೇಘಸ್ಫೋಟ ಯೋಜನೆ ಮಾಡಿದರು. ಸುಮಾರು 300 ಸಣ್ಣ ದೊಡ್ಡ ಕೆಲಸ, ಕೆಲವು ರಸ್ತೆಗಳನ್ನೇ ನೀರು ಹರಿಯುವ ದೋಣಿಯಾಕಾರಕ್ಕೆ ತಗ್ಗಿಸುವುದು, ಪಾರ್ಕುಗಳನ್ನು ತೊಟ್ಟಿ ಮಾಡುವುದು. 2015ರಲ್ಲಿ ನ್ಯೂಯಾರ್ಕ್ ಅವರ ಜೊತೆ ಒಪ್ಪಂದ ಮಾಡಿಕೊಂಡು ಕ್ವೀನ್ಸ್ ಕಡೆಯ ತಗ್ಗು ಬಡಾವಣೆಗಳಿಗೆ ಅದೇ ರೀತಿ ಅಧ್ಯಯನ ಮಾಡಿಸಿತು. ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಒಂದಷ್ಟು ತಗ್ಗಿಸಿ, ಮಳೆ ಬಂದಾಗ ಅದೇ ತೊಟ್ಟಿ ಆಗುವಂಥ ನಕ್ಷೆ.

ಅಷ್ಟರಲ್ಲಿ 2021ರ ಸೆಪ್ಟೆಂಬರ್ 1ರಂದು ಶಕ್ತಿ ಕುಂದಿದ ಇಡಾ ಚಂಡಮಾರುತದ ಮಳೆ ನ್ಯೂಯಾರ್ಕಿಗೆ ಬಂತು. ನೆಲಮಾಳಿಗೆ ಮನೆಗಳಲ್ಲೇ 11 ಜನ ಸತ್ತರು. ನಕ್ಷೆ ಕೈಯಲ್ಲಿತ್ತು, ನೆಲದ ಮೇಲೆ ಇರಲಿಲ್ಲ. ಅದಾದ ಮೇಲೆ ದುಡ್ಡು ಬಂತು.

ಲೆಕ್ಕದ ಪುಸ್ತಕ
ಕೋಪನ್‌ಹೇಗನ್‌ನಿಂದ ನಕ್ಷೆ ತರುವವರು ಇನ್ನೊಂದನ್ನು ಬಿಟ್ಟುಬರುತ್ತಾರೆ. ಅಲ್ಲಿ ನೀರಿನ ಬಿಲ್ಲಿನ ಹಣವನ್ನು ರಸ್ತೆ, ಪಾರ್ಕಿನ ಮಳೆನೀರಿನ ಕೆಲಸಕ್ಕೆ ಬಳಸಲು ಕಾನೂನನ್ನೇ ತಿದ್ದಬೇಕಾಯಿತು. ಅದು ಆಗದಿದ್ದರೆ 300 ಕೆಲಸಕ್ಕೆ ಹಣ ಎಲ್ಲಿಂದ? ಪಾರ್ಕಿನ ಇಲಾಖೆ ಬೇರೆ, ರಸ್ತೆ ಬೇರೆ, ಚರಂಡಿ ಬೇರೆ, ಒಬ್ಬರ ಹಣ ಇನ್ನೊಬ್ಬರು ಮುಟ್ಟುವ ಹಾಗಿಲ್ಲ ಅನ್ನುವ ಊರಿನಲ್ಲಿ ಆ ನಕ್ಷೆ ಗೋಡೆಗೆ ಚೆಂದ.

ಸುಮ್ನೆ ಓದುವವ
ಹಾಗಾದರೆ ಚೀನಾದ ಸ್ಪಂಜು ನಗರ? ಅದೂ ಮುಳುಗಿತಲ್ಲ.

ತೂಬು
ಜೆಂಗ್‌ಝೌ. 2021ರ ಜುಲೈ 20, ಒಂದೇ ಗಂಟೆಗೆ 201.9 ಮಿ.ಮೀ. ಅಷ್ಟು ನೀರಿಗೆ ಯಾವ ಸ್ಪಂಜೂ ಸಾಲದು. ಸ್ಪಂಜು ವಿಧಾನ ಮಾಡಿರುವುದು ವರ್ಷವಿಡೀ ಬರುವ ಸಾಮಾನ್ಯ ಮಳೆಯನ್ನು ನೆಲಕ್ಕೆ ಇಂಗಿಸಲು. ಅದರ ಮೇಲೆ ಪ್ರಳಯದ ಹೊರೆ ಹೊರಿಸುವುದು ತಪ್ಪು. ಅಲ್ಲಿ ಸುರಂಗ ರೈಲನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸದೆ ಅದರೊಳಗೆ ನೀರು ನುಗ್ಗಿದ್ದಕ್ಕೂ ಸ್ಪಂಜಿಗೂ ಸಂಬಂಧ ಇಲ್ಲ.

ವಕೀಲಿ ಬುದ್ಧಿ
ತಡವಾಗಿ ಬಂದೆ. ಎಲ್ಲರೂ ಸ್ನೇಹದ ಮಾತು ಆಡುತ್ತಿದ್ದೀರಿ, ಜಗಳದ ಮಾತು ಯಾರೂ ಆಡಲಿಲ್ಲ. ನದಿ ವಿಷಯದಲ್ಲಿ ಜಗಳವೂ ಒಂದು ಬಗೆಯ ಸಹಕಾರವೇ.

ಯುರೋಪಿನ ರೈನ್ ನದಿ ತೆಗೆದುಕೊಳ್ಳಿ. ನೆದರ್‌ಲ್ಯಾಂಡ್ಸ್‌ನ ಬಂದರು ರೋಟರ್‌ಡ್ಯಾಮ್ ಇರುವುದು ಅದರ ಬಾಯಲ್ಲಿ. ಮೇಲಿನ ಊರುಗಳ, ಕಾರ್ಖಾನೆಗಳ ಹೊಲಸೆಲ್ಲ ಹೂಳಾಗಿ ಬಂದರಿನ ತಳದಲ್ಲಿ ಕೂರುತ್ತಿತ್ತು. ಹೂಳು ಎತ್ತಲೇಬೇಕು, ಇಲ್ಲದಿದ್ದರೆ ಹಡಗು ಬರುವುದಿಲ್ಲ. ಎತ್ತಿದರೆ ಅದು ವಿಷ, ಸಮುದ್ರಕ್ಕೂ ಸುರಿಯುವ ಹಾಗಿಲ್ಲ. 1980ರ ದಶಕದಲ್ಲಿ ಆ ನಗರ ಏನು ಮಾಡಿತು ಗೊತ್ತಾ? ತನ್ನ ಜನರನ್ನು ನದಿಯ ಮೇಲ್ಭಾಗಕ್ಕೆ ಕಳಿಸಿ, ಯಾವ ಕೊಳವೆಯಿಂದ ಯಾವ ಲೋಹ ಬರುತ್ತಿದೆ ಅಂತ ಅಳೆಸಿತು. ಆಮೇಲೆ ಒಂದೊಂದೇ ಕಂಪನಿಯ ಬಾಗಿಲು ತಟ್ಟಿ, "ಕಡಿಮೆ ಮಾಡುತ್ತೀರೋ, ಕೋರ್ಟಿಗೆ ಬರುತ್ತೀರೋ" ಅಂದಿತು. ಬಹಳ ಕಂಪನಿಗಳು ಮಾತುಕತೆಗೇ ಬಂದವು.

ಯಾಕೆ ಬಂದವು ಅಂದರೆ, ಅದಕ್ಕೆ ಮುಂಚೆಯೇ ಡಚ್ ತೋಟಗಾರರು ಫ್ರಾನ್ಸಿನ ಆಲ್ಸೇಸ್‌ನ ಪೊಟ್ಯಾಶ್ ಗಣಿಯ ಮೇಲೆ ರೋಟರ್‌ಡ್ಯಾಮಿನಲ್ಲಿ ಕೇಸು ಹಾಕಿದ್ದರು. ಗಣಿಯ ಉಪ್ಪು ನದಿಗೆ ಸೇರಿ ಅವರ ಗಿಡಗಳಿಗೆ ಹಾನಿಯಾಗುತ್ತಿತ್ತು. ಹಾನಿ ಆದ ಊರಿನ ಕೋರ್ಟಿನಲ್ಲೂ ಕೇಸು ಹಾಕಬಹುದು ಅಂತ 1976ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಆ ತೀರ್ಪು ಬೆನ್ನ ಹಿಂದೆ ಇದ್ದರೆ ಮಾತುಕತೆಯ ಮೇಜಿನ ಮೇಲೆ ಕಾಫಿಯೂ ಬೇಗ ಬರುತ್ತದೆ.

ಮಳೆಬಿಲ್ಲು
1986ರ ಬಾಸೆಲ್ ಬೆಂಕಿಯೂ ಇದೆಯಲ್ಲ ವಕೀಲರೇ.

ವಕೀಲಿ ಬುದ್ಧಿ
ಹೌದು. ನವೆಂಬರ್ 1ಕ್ಕೆ ದಿನ ಹೊರಳಿದ ರಾತ್ರಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರೈನ್ ದಂಡೆಯ ಸ್ಯಾಂಡೋಜ್ ರಾಸಾಯನಿಕ ಕಂಪನಿಯ ಗೋದಾಮಿಗೆ ಬೆಂಕಿ. ಆರಿಸಲು ಸುರಿದ ನೀರಿನ ಜೊತೆ ಟನ್‌ಗಟ್ಟಲೆ ಕೀಟನಾಶಕ ನದಿಗೆ ಇಳಿಯಿತು. ನದಿ ಕೆಂಪಾಯಿತು, ನೂರಾರು ಕಿ.ಮೀ. ಉದ್ದಕ್ಕೆ ಹಾವುಮೀನು ಸತ್ತು ತೇಲಿದವು, ಕೆಳಗಿನ ಊರುಗಳು ಕುಡಿಯುವ ನೀರು ಎತ್ತುವುದನ್ನು ನಿಲ್ಲಿಸಬೇಕಾಯಿತು. ರೈನ್ ಆಯೋಗ 1950ರಿಂದಲೇ ಇತ್ತು, ಕಾಗದದಲ್ಲಿ ನಿಧಾನವಾಗಿ ತೆವಳುತ್ತಿತ್ತು. ಆ ರಾತ್ರಿಯ ನಂತರ 1987ರಲ್ಲೇ ಕಾರ್ಯಯೋಜನೆ ಬಂತು. ಮೇಲೆ ಏನಾದರೂ ಚೆಲ್ಲಿದರೆ ಕೆಳಗಿನವರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಬಿಗಿಯಾಯಿತು. ಸಾಲ್ಮನ್ ಮೀನು ಮತ್ತೆ ಮೇಲೇರಿ ಬಂದದ್ದು ಆಮೇಲಿನ ಕಥೆ.

ಆದ್ದರಿಂದ ತಂಗಿ, ನಿಮ್ಮ ಊರಿನ ನದಿ ಮೇಲಿನ ಊರಿನಿಂದ ಬರುತ್ತಿದ್ದರೆ, ದೂರ ದೇಶದ ನಗರದ ಜೊತೆ ಸಹಿ ಹಾಕುವ ಮುಂಚೆ ಆ ಊರಿನವರ ಹತ್ತಿರ ಮಾತಾಡಿದ್ದೀರಾ ಅಂತ ಮೇಲಿನವರನ್ನು ಕೇಳಿ.

ಕಡತದ ಹುಡುಗಿ
ಅಯ್ಯೋ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ವಕೀಲರೇ, ಮಾತಾಡಿಲ್ಲ. ಕೇಳಿದೆ. "ಅದು ಬೇರೆ ಇಲಾಖೆ" ಅಂದರು.

ಇನ್ನೊಂದು ಅನುಮಾನ. ನಮ್ಮ ಕರಡಿನಲ್ಲಿ ಒಂದು ತಡೆಗೋಡೆಯೂ ಇದೆ. ಆ ನಗರದ ತಜ್ಞರಿಗೆ ಅದರಲ್ಲಿ ದೊಡ್ಡ ಹೆಸರಂತೆ.

ತೂಬು
ಹುಷಾರು. ನೆಲ ಕುಸಿಯುವ ಊರಾ ನಿಮ್ಮದು? ಹಾಗಿದ್ದರೆ ಜಕಾರ್ತದ ಕಥೆ ಓದಿ. ಉತ್ತರದ ಕೆಲವು ಭಾಗಗಳು ವರ್ಷಕ್ಕೆ 10 ಸೆಂ.ಮೀ.ಗಿಂತಲೂ ಜಾಸ್ತಿ ಕುಸಿದ ಕಾಲ ಇತ್ತು. ಮುಖ್ಯ ಕಾರಣ ಅಂತರ್ಜಲವನ್ನು ಬೋರ್ ಹಾಕಿ ಹೀರುವುದು. ಎಲ್ಲರ ಮನೆಗೂ ಕೊಳವೆ ನೀರು ಇಲ್ಲ, ಹೀರದೆ ಏನು ಮಾಡುತ್ತಾರೆ? ಡಚ್ಚರ ಜೊತೆ ಸೇರಿ ಮಾಡಿದ ಯೋಜನೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಮಾತ್ರ ಕೊಲ್ಲಿಗೆ ಅಡ್ಡವಾಗಿ ಗರುಡನ ಆಕಾರದ ಗೋಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಟೋಕಿಯೊ ಇದೇ ರೋಗವನ್ನು ಮೊದಲೇ ಅನುಭವಿಸಿತ್ತು. ಅಲ್ಲಿಯ ಕೋತೋ ವಾರ್ಡಿನಲ್ಲಿ ನೆಲ 4 ಮೀಟರ್‌ಗೂ ಜಾಸ್ತಿ ಇಳಿದಿತ್ತು. 1956, 1962ರ ಕಾನೂನುಗಳಿಂದ ಶುರುಮಾಡಿ ಕಾರ್ಖಾನೆ, ಕಟ್ಟಡಗಳ ಅಂತರ್ಜಲ ಪಂಪಿಗೆ ಕಡಿವಾಣ ಹಾಕಿದರು, ಬದಲಿ ನೀರು ಕೊಟ್ಟರು. 70ರ ದಶಕದಲ್ಲಿ ಕುಸಿತ ಹೆಚ್ಚುಕಡಿಮೆ ನಿಂತಿತು. ಅದರ ಫೋಟೋ ಹೇಗೆ ತೆಗೆಯುತ್ತೀರಿ? ಇಳಿಯದೇ ಇರುವ ನೆಲದ ಫೋಟೋ?

ಗೆರೆಗಾರ
ಡಚ್ಚರನ್ನು ಪೂರಾ ಬೈಯಬೇಡಿ. ಕುಸಿತದ ಕಾರಣ ಅಂತರ್ಜಲ ಅಂತ ಜೋರಾಗಿ ಹೇಳಿದವರಲ್ಲಿ ಡಚ್ ತಜ್ಞರೂ ಇದ್ದಾರೆ. 2005ರ ಕತ್ರಿನಾ ಚಂಡಮಾರುತ ಆದಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಗೋಡೆ, ಪಂಪ್ ಮೇಲಷ್ಟೇ ನಂಬಿಕೆ ಇಡಬೇಡಿ, ಊರೊಳಗೆ ನೀರಿಗೆ ಜಾಗ ಬಿಡಿ ಅಂತ ಹೇಳಿದವರೂ ಅವರೇ. ಅಲ್ಲಿಯ 2013ರ ನೀರಿನ ಯೋಜನೆ ಆ ಮಾತುಕತೆಯಿಂದ ಹುಟ್ಟಿದ್ದು. ರೋಟರ್‌ಡ್ಯಾಮಿನ ಬೆಂಟಮ್‌ಪ್ಲೇನ್ ಚೌಕವೂ 2013ರದ್ದೇ. ಒಣಗಿದ್ದಾಗ ಆಟದ ಅಂಗಳ, ಮಳೆಗೆ 17 ಲಕ್ಷ ಲೀಟರ್ ಹಿಡಿಯುವ ತೊಟ್ಟಿ.

ಕಟ್ಟೆಪುರಾಣ
ಇಷ್ಟು ಗಂಭೀರ ಆದರೆ ನನಗೆ ನಿದ್ದೆ ಬರುತ್ತೆ. ಒಂದು ಖುಷಿಯ ಉದಾಹರಣೆ ಕೊಡುತ್ತೇನೆ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಒಂದು ಕಸದ ಚಕ್ರ ಇದೆ. ಹೊಳೆಯ ಹರಿವೇ ಚಕ್ರ ತಿರುಗಿಸುತ್ತದೆ, ಹರಿವು ಸಾಲದಿದ್ದರೆ ಸೌರ ಪಂಪ್. ತೇಲಿ ಬಂದ ಬಾಟಲಿ, ಟಯರ್ ಎಲ್ಲ ಬೆಲ್ಟ್ ಮೇಲೇರಿ ತೊಟ್ಟಿಗೆ ಬೀಳುತ್ತದೆ. ಅದಕ್ಕೆ ಎರಡು ದೊಡ್ಡ ಗುಡ್ಡೆಗಣ್ಣು ಅಂಟಿಸಿ 'ಮಿಸ್ಟರ್ ಟ್ರ್ಯಾಶ್ ವೀಲ್' ಅಂತ ಹೆಸರಿಟ್ಟಿದ್ದಾರೆ. 2022ರಲ್ಲಿ ಪನಾಮಾ ನಗರದ ಹ್ವಾನ್ ದಿಯಾಸ್ ನದಿಗೂ ಅಂಥದ್ದೇ ಒಂದು ಬಂತು. ಅದರ ಹೆಸರು 'ವಾಂಡಾ ದಿಯಾಸ್'.

ಲೆಕ್ಕದ ಪುಸ್ತಕ
ಅದೇ ಬಾಲ್ಟಿಮೋರ್ ತಾನೇ ದಂಡೆ ಅಭಿವೃದ್ಧಿಯ ಗುರು! 1980ರಲ್ಲಿ ಅಲ್ಲಿ ಹಾರ್ಬರ್‌ಪ್ಲೇಸ್ ಅಂತ ಅಂಗಡಿ, ಹೋಟೆಲಿನ ಮಂಟಪ ಶುರುವಾಯಿತು. ಎಷ್ಟೋ ದೇಶದವರು ಬಂದು ನೋಡಿಕೊಂಡು ಹೋಗಿ ತಮ್ಮ ಬಂದರಿನಲ್ಲೂ ಅದನ್ನೇ ಕಟ್ಟಿದರು. 2019ರಲ್ಲಿ ಮೂಲದ ಹಾರ್ಬರ್‌ಪ್ಲೇಸನ್ನೇ ಕೋರ್ಟು ನೇಮಿಸಿದವರ ಕೈಗೆ ಒಪ್ಪಿಸಬೇಕಾಯಿತು. ಅಂಗಡಿ ಖಾಲಿ ಹೊಡೆಯುತ್ತಿದ್ದವು. ಗುಡ್ಡೆಗಣ್ಣಿನ ಚಕ್ರ ಮಾತ್ರ ಇನ್ನೂ ತಿರುಗುತ್ತಿದೆ.

ಕಟ್ಟೆಪುರಾಣ
ಎಲ್ಲಿ ಹೋದರೂ ಲೆಕ್ಕದ ಪುಸ್ತಕ ಬಿಚ್ಚುತ್ತೀರಲ್ಲ ಮಾರಾಯ್ರೆ.

ನೀರುಗಂಟಿ
ನನ್ನದೂ ಒಂದು ಅನುಭವ ಹೇಳಿಬಿಡುತ್ತೇನೆ. ನಾನು ಇದ್ದ ಕಚೇರಿಗೆ ಒಂದು ಹೊರದೇಶದ ನಗರ ಸ್ನೇಹದ ಗುರುತಿಗೆ ಎರಡು ಪಂಪ್ ಕೊಟ್ಟಿತ್ತು. ಬಹಳ ಒಳ್ಳೆಯ ಪಂಪ್, ಸದ್ದೇ ಇಲ್ಲ. ಒಂದೂವರೆ ವರ್ಷಕ್ಕೆ ಒಂದರ ಸೀಲ್ ಹೋಯಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಂಗುರ. ನಮ್ಮ ಅಂಗಡಿಗಳಲ್ಲಿ ಆ ಅಳತೆ ಸಿಗುವುದಿಲ್ಲ. ತರಿಸೋಣ ಅಂದರೆ, ಉಡುಗೊರೆ ಬಂದ ವಸ್ತುವಿನ ಬಿಡಿಭಾಗಕ್ಕೆ ಯಾವ ಶೀರ್ಷಿಕೆಯಲ್ಲಿ ಹಣ ಹಾಕುವುದು ಅಂತ ಲೆಕ್ಕಪತ್ರದವರಿಗೆ ಗೊತ್ತಾಗಲಿಲ್ಲ. ಕಡತ ಹನ್ನೊಂದು ತಿಂಗಳು ತಿರುಗಿತು. ಅಷ್ಟರಲ್ಲಿ ನಮ್ಮ ಹುಡುಗರು ಎರಡನೇ ಪಂಪಿನ ಸೀಲ್ ಬಿಚ್ಚಿ ಒಂದನೆಯದಕ್ಕೆ ಹಾಕಿದರು. ಫಲಕದಲ್ಲಿ ಎರಡು ಪಂಪ್ ಅಂತಲೇ ಇತ್ತು.

ಪಂಪ್ ಕೊಟ್ಟವರದ್ದು ತಪ್ಪಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕಾದದ್ದು ಸೀಲ್ ಎಲ್ಲಿ ಸಿಗುತ್ತೆ ಅಂತ.

ಕಡತದ ಹುಡುಗಿ
ಎಲ್ಲ ಓದಿ ಟಿಪ್ಪಣಿ ಬರೆದೆ. ಮೊದಲ ಪ್ಯಾರಾದಲ್ಲೇ ದಂಡೆಯ ಹಲಗೆ ದಾರಿ ಮೂರನೇ ಹಂತಕ್ಕೆ ಅಂತ ಹಾಕಿದ್ದೇನೆ. ಮೊದಲ ಹಂತ ಸೋರಿಕೆ ಮತ್ತು ಚರಂಡಿ, ಅವರ ಕಡೆಯಿಂದ ಕೆಲಸಗಾರರೇ ಬರಬೇಕು, ಕಡಿಮೆ ಅಂದರೆ ಐದು ವರ್ಷ. ನಮ್ಮ ವಾಲ್ವ್ ತಿರುಗಿಸುವವರೂ ಅಲ್ಲಿಗೆ ಹೋಗಬೇಕು, ಬರೀ ಅಧಿಕಾರಿಗಳಲ್ಲ. ಬಿಡಿಭಾಗಕ್ಕೆ ಬೇರೆ ಲೆಕ್ಕಶೀರ್ಷಿಕೆ (ನೀರುಗಂಟಿ ಸರ್, ಅದು ನಿಮ್ಮ ಸೀಲಿಗೆ). ಮೇಲಿನ ಊರಿನ ಜೊತೆ ಮಾತುಕತೆ ಅಂತಲೂ ಒಂದು ಸಾಲು ಸೇರಿಸಿದೆ, ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ.

ಮೇಲಿನವರು ಪೂರ್ತಿ ಓದಿದರು. ಬೈಯಲಿಲ್ಲ. "ಎಲ್ಲಾ ಸರಿ, ಫೋಟೋ ಎಲ್ಲಿ?" ಅಂದರು.

ನೀರುಗಂಟಿ ಸರ್, ರಾತ್ರಿ ಸೋರಿಕೆ ಹುಡುಕುವುದು ಅಂದಿರಲ್ಲ, ಮೀಟರ್ ನೋಡಿ ಬ್ಲಾಕ್ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಆಮೇಲೆ ಇಡೀ ರಸ್ತೆಯಲ್ಲಿ ಎಲ್ಲಿ ಅಗೆಯಬೇಕು ಅಂತ ಹೇಗೆ ಗೊತ್ತಾಗುತ್ತೆ?

ನೀರುಗಂಟಿ
ಕಿವಿ. ಒಂದು ಉದ್ದ ಉಕ್ಕಿನ ಕೋಲು, ಮೇಲ್ತುದಿಗೆ ಬಟ್ಟಲಿನ ಹಾಗೆ ಒಂದು ಕಿವಿಗೂಡು. ಕೆಳತುದಿಯನ್ನು ವಾಲ್ವ್ ಮೇಲೋ ಮೀಟರ್ ಮೇಲೋ ಇಟ್ಟು ಕಿವಿ ಒತ್ತಬೇಕು. ರಾತ್ರಿ ಒಂದರಿಂದ ನಾಲ್ಕರವರೆಗೆ, ಗಾಡಿಗಳ ಸದ್ದು ನಿಂತ ಮೇಲೆ. ಸೋರಿಕೆ ಇದ್ದರೆ 'ಶ್ಶ್' ಅಂತ ಒಂದೇ ಸಮ ಬರುತ್ತಿರುತ್ತದೆ. ಯಾರಾದರೂ ನಲ್ಲಿ ತೆರೆದದ್ದಾದರೆ ಬಂದು ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಬೇರೆ, ಮೊದಮೊದಲು ಅದಕ್ಕೇ ಮೋಸ ಹೋಗಿ ಗಟ್ಟಿ ನೆಲ ಅಗೆಸಿ ಬೈಸಿಕೊಂಡಿದ್ದೇನೆ. ಒಂದು ವಾಲ್ವಿನಿಂದ ಇನ್ನೊಂದಕ್ಕೆ ಹೋಗುತ್ತಾ, ಸದ್ದು ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ನೋಡಿಕೊಳ್ಳುತ್ತಾ, ನಡುವಿನ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕುವುದು. ಈಗ ಎರಡು ಕಡೆ ಸೆನ್ಸರ್ ಇಟ್ಟು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೂ ಅಗೆಯುವ ಮುಂಚೆ ಹಳಬರು ಒಂದು ಸಲ ಕೋಲು ಇಟ್ಟೇ ಇಡುತ್ತಾರೆ.

ಕಡತದ ಹುಡುಗಿ
ಆ ಕೋಲು ನಿಮ್ಮ ಹತ್ತಿರ ಇನ್ನೂ ಇದೆಯಾ ಸರ್? ಒಂದು ಫೋಟೋ ಹಾಕಿದರೆ ಟಿಪ್ಪಣಿಯ ಮೊದಲ ಪುಟಕ್ಕೆ ಸೇರಿಸಿಬಿಡುತ್ತೇನೆ.

ನೀರುಗಂಟಿ
ಇದೆ, ಬಾಗಿಲ ಹಿಂದೆ. ತುದಿ ಸ್ವಲ್ಪ ತುಕ್ಕು ಹಿಡಿದಿದೆ. ಬೆಳಿಗ್ಗೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ.